ಸಕ್ಕರೆ ಹೆಚ್ಚಾದ ಶ್ರಾವಣ

ಹೋದ ವಾರ ಪುರ್ತಗೇರಿಗೆ ಹೋಗಿದ್ದೆ. ಟಂಟಂನಿಂದ ಇಳಿದು ಓಣಿಗೆ ಕಾಲಿಟ್ಟದ್ದೇ ತಡ, ಬೆಲ್ಲದ ಪಾಕದ ವಾಸನೆ ಮೂಗಿಗೆ ಬಡಿಯಿತು. ಯಾರೋ ಪಂಚಮಿ ಉಂಡಿಗೆ ಪಾಕ ಹಿಡಿಯುತ್ತಿದ್ದರು. ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನ್ನ ಎದೆ ಧಸಕ್ಕೆಂದಿತು. ಬಾಯಲ್ಲಿ ನೀರೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಎದೆ ಮೊದಲು, ನೀರು ಆಮೇಲೆ. ಹೋದ ವರ್ಷದ ಶ್ರಾವಣ ಪೂರ್ತಿ ಆ ಒಂದು ವಾಸನೆಯೊಳಗೆ ಕೂತಿತ್ತು. ಬರೆದಿಡೋಣ ಅನ್ನಿಸಿತು. ಬರೆಯುವುದು ಎಂದರೆ ಪೆನ್ನಿನಿಂದ ಅಲ್ಲ, ಫೋನಿನಲ್ಲಿ, ಬಲಗೈಯ ಒಂದೇ ಬೆರಳಿನ ಗೆಣ್ಣಿನಿಂದ. ತಪ್ಪುಗಳಿದ್ದರೆ ಬೆರಳನ್ನು ಬೈಯಿರಿ, ನನ್ನನ್ನು ಬೇಡ.

ನಮ್ಮ ಮನೆ ಗಜೇಂದ್ರಗಡದಲ್ಲಿ, ಗುಡ್ಡದ ಕೆಳಗಿನ ಓಣಿಯಲ್ಲಿ. ನಾನು ಮದುವೆಯಾಗಿ ಬಂದಾಗಿನಿಂದ ಮೊನ್ನೆ ಮೊನ್ನೆಯವರೆಗೂ ನೇಕಾರರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿದವಳು. ನೂಲು ಹಾದು ಹಾದು ನನ್ನ ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿಲ್ಲ. ಹೋದ ವರ್ಷ ಮಳೆಗಾಲದ ಆರಂಭದಲ್ಲಿ ನಮ್ಮ ಮೇಲಿನ ಖೋಲಿಗೆ ಚೈತ್ರಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಮೈಸೂರು ಕಡೆಯವಳು. ಒಂದು ಚೀಲ ಬಟ್ಟೆ, ಎರಡು ಫೋನು, ಒಂದು ದಪ್ಪ ನೋಟುಬುಕ್ಕು. ಏನು ಕೆಲಸ ಮಾಡ್ತಿ ಎಂದು ಕೇಳಿದೆ.

"ಯುಎಕ್ಸ್ ಡಿಸೈನರ್ ಅಜ್ಜಿ. ಸಕ್ಕರೆ ಕಾಯಿಲೆ ಇರೋರಿಗೆ ಒಂದು ಆ್ಯಪ್ ಮಾಡಿದೀವಿ. ಮಾತ್ರೆ ನೆನಪಿಸುತ್ತೆ, ಸಕ್ಕರೆ ಎಷ್ಟಿದೆ ಅಂತ ಹೇಳುತ್ತೆ. ಜನ ಅದನ್ನ ಬಳಸುವಾಗ ಎಲ್ಲಿ ತಡವರಿಸ್ತಾರೆ, ಎಲ್ಲಿ ತಪ್ಪು ಮಾಡ್ತಾರೆ ಅಂತ ನೋಡೋದು ನನ್ನ ಕೆಲಸ."

"ಅಂದ್ರ ನಾವು ತಪ್ಪ ಮಾಡಿದ್ರ ನಿನಗ ಪಗಾರ?"

"ಒಂಥರಾ ಹೌದು" ಎಂದು ನಕ್ಕಳು.

"ಹಂಗಾರ ಈ ಊರಾಗ ನೀ ಭಾಳ ಶ್ರೀಮಂತಳಾಗ್ತಿ ಬಿಡು."

ಅವತ್ತಿನಿಂದ ನಾನು ಅವಳ ಬಲಗೈ ಆದೆ. ಆ್ಯಪನ್ನು ದವಾಖಾನೆಯ ನರ್ಸಬಾಯಿ ಸಕ್ಕರೆ ಕಾಯಿಲೆಯವರ ಫೋನಿಗೆ ಹಾಕಿಕೊಡುತ್ತಿದ್ದಳು. ನನಗೆ ಸಕ್ಕರೆ ಕಾಯಿಲೆ ಇಲ್ಲ, ಆದರೂ ಹಟ ಮಾಡಿ ಹಾಕಿಸಿಕೊಂಡೆ. ನಾನು ಒತ್ತಿದರೆ ಅದು ಅಲುಗುತ್ತಲೇ ಇರಲಿಲ್ಲ. ಸವೆದ ಬೆರಳು ಅದಕ್ಕೆ ಬೆರಳೆಂದೇ ತಿಳಿಯುತ್ತಿರಲಿಲ್ಲ. ಗೆಣ್ಣಿನಿಂದ ಕುಟ್ಟಿದೆ. ಚೈತ್ರಾ ಬಯ್ಯಲಿಲ್ಲ; ನೋಟುಬುಕ್ಕಿನಲ್ಲಿ 'ಗುಂಡಿ ದೊಡ್ಡದಾಗಬೇಕು' ಎಂದು ಬರೆದುಕೊಂಡಳು. ನನಗೆ ಅದು ಹಿಡಿಸಿತು. ನಾನು ಎಡವಿದರೆ ನನ್ನನ್ನು ಬಿಟ್ಟು ಕಲ್ಲನ್ನು ಸರಿಸುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ್ಯಪ್ ಬರೀ ತೋರಿಸುವುದಷ್ಟೇ ಅಲ್ಲ, ಮಾತಾಡುತ್ತಲೂ ಇತ್ತು. ಮುಂಜಾನೆ, ಸಂಜೆ ಕೂಗಿ ಕೇಳುತ್ತಿತ್ತು: ಉಂಡಿರಾ, ನುಂಗಿದಿರಾ, ನಡೆದಿರಾ. ಅದಕ್ಕೆ ನಮ್ಮ ಹೆಂಗಸರು 'ಅತ್ತಿ' ಎಂದು ಹೆಸರಿಟ್ಟರು. ಫೋನು ಟಿಣ್ ಎಂದರೆ ಸಾಕು, "ಅತ್ತಿ ಕರದ್ಲು, ತಡಿ ಬಂದೆ" ಎಂದು ಎದ್ದು ಹೋಗುವರು. ಆದರೆ ಅತ್ತೆಯ ಕನ್ನಡ ವಿಪರೀತ. 'ತಮ್ಮ ರಕ್ತದಲ್ಲಿನ ಗ್ಲೂಕೋಸ್ ಪ್ರಮಾಣವು ನಿಗದಿತ ಮಿತಿಗಿಂತ ಅಧಿಕವಾಗಿರುತ್ತದೆ' ಎನ್ನುವಳು. ಕೇಳಿದವರು ಕೈಮುಗಿದು ಸುಮ್ಮನಾಗುವರು.

ನಾನು ಚೈತ್ರಾಳಿಗೆ ಹೇಳಿದೆ, "ಇದು ಸತ್ಯನಾರಾಯಣ ಪೂಜಾದ ಮಂತ್ರ ಇದ್ದಂಗ ಐತಿ. ಅಡಗಿಮನ್ಯಾಗ ನಾವು ಹ್ಯಾಂಗ ಮಾತಾಡ್ತೀವಿ ಹಂಗ ಹೇಳಸು."

ಅವಳು ಪೆನ್ನು ಕಚ್ಚಿ ಯೋಚಿಸಿದಳು. "ನಿಮ್ಮ ಸಕ್ಕರೆ ಹೆಚ್ಚಾಗಿದೆ, ಎಚ್ಚರ ವಹಿಸಿ. ಇದು ಹೇಗಜ್ಜಿ?"

"ಭೇಷ್" ಎಂದೆ. ಆ 'ಭೇಷ್' ನನ್ನ ಬಾಯಿಂದಲೇ ಬಂದದ್ದು. ಅದನ್ನು ಯಾರ ಮೇಲೂ ಹಾಕಲಾರೆ. ಚೈತ್ರಾ ಬೆಂಗಳೂರಿನ ಕಚೇರಿಗೆ ಕಳಿಸಿದಳು, ಅಲ್ಲಿಯವರು ಒಪ್ಪಿದರು, ಪಂಚಮಿಗೆ ಎರಡು ದಿನ ಇರುವಾಗ ಎಲ್ಲರ ಫೋನಿನಲ್ಲಿ ಅತ್ತೆಯ ಮಾತು ಬದಲಾಯಿತು.

ಪಂಚಮಿಗೆ ನಾನು ಪುರ್ತಗೇರಿಗೆ ಹೋದೆ. ಅಲ್ಲಿ ನನ್ನ ನೆಗೆಣ್ಣಿ ಕಾಶವ್ವ ಇದ್ದಾಳೆ, ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಆರು ವರ್ಷ ಚಿಕ್ಕವಳು, ಹಟದಲ್ಲಿ ಅರವತ್ತು ವರ್ಷ ದೊಡ್ಡವಳು. ಹೊಲದ ಕೆಲಸದಲ್ಲಿ ಅವಳನ್ನು ಮೀರಿಸುವವರಿಲ್ಲ. ಸಕ್ಕರೆ ಕಾಯಿಲೆ ಹತ್ತಿ ನಾಲ್ಕು ವರ್ಷವಾಗಿತ್ತು. ಅವಳ ಫೋನಿನಲ್ಲಿ ಆ್ಯಪ್ ಹಾಕಿಸಿ, "ಇದು ಹೇಳಿದಂಗ ಕೇಳು" ಎಂದು ಆಣೆ ತೆಗೆದುಕೊಂಡವಳೂ ನಾನೇ. ಅವಳು ಆಣೆ ಮಾಡಿದರೆ ಮುಗಿಯಿತು. ನಾಲ್ಕು ಥರ ಉಂಡಿ ಕಟ್ಟಿದಳು, ಶೇಂಗಾ, ಎಳ್ಳು, ಗುಳ್ಳಡಕಿ, ಬೇಸನ್. ಒಂದರ ಚೂರನ್ನೂ ಬಾಯಿಗೆ ಹಾಕಲಿಲ್ಲ. ನಾನು ಅವಳೆದುರಿಗೆ ಚಪ್ಪರಿಸಿ ತಿಂದೆ. ಆಗಲೂ ಹಾಕಲಿಲ್ಲ.

ಮಧ್ಯಾಹ್ನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಹುಡುಗಿಯರೆಲ್ಲ ಆಡಿ ಇಳಿದ ಮೇಲೆ ನಾನು ಕಾಶವ್ವನನ್ನು ಹತ್ತಿಸಿ ಹಿಂದಿನಿಂದ ಜೀಕಿದೆ.

"ಅಕ್ಕಾ, ಸಾವಕಾಶ! ನನ್ನ ಹೊಸಾ ಸೊಸಿ ಮಾಡೀಯೇನು?"

"ಮುಗಲ ಮುಟ್ಟಿ ಬಾ" ಎಂದು ಇನ್ನೂ ಜೋರಾಗಿ ನೂಕಿದೆ. ಬರುವಾಗ ಅವಳ ಹೆಬ್ಬೆರಳು ಬೇರಿನ ಪಕ್ಕದ ಕಲ್ಲಿಗೆ ತಾಗಿತು. ಒಂದಿಷ್ಟು ಚರ್ಮ ಕಿತ್ತು ರಕ್ತ ಬಂತು. ಅರಿಶಿನ ಹಚ್ಚಿ ನಕ್ಕೆವು.

ಆಮೇಲೆ ಹೆಸರುಕಾಯಿ ಬಿಡಿಸುವ ಕೆಲಸ ಸುರುವಾಯಿತು. ಹೋದ ವರ್ಷ ಮಘೆ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಗಿಡದಲ್ಲೇ ಕಾಯಿ ಮೊಳಕೆಯೊಡೆಯುವ ಮೊದಲು ಬಿಡಿಸಿಕೊಳ್ಳಬೇಕು. ಬಿಸಿಲು ಬಿದ್ದರೆ ಊರೇ ಹೊಲದಲ್ಲಿ, ಮೋಡ ಕವಿದರೆ ಊರೇ ಪಡಸಾಲೆಯಲ್ಲಿ. ಕಾಶವ್ವ ಆ ಕಾಲನ್ನು ಎರಿ ಮಣ್ಣಿನಲ್ಲಿ ಇಟ್ಟುಕೊಂಡೇ ತಿರುಗಿದಳು. ಗಾಯ ಮಾಯಲಿಲ್ಲ, ಕಪ್ಪಿಟ್ಟಿತು. ವಾರಕ್ಕೊಮ್ಮೆ ನರ್ಸಬಾಯಿ ಬಂದು ಬೆರಳು ಚುಚ್ಚಿ ನೋಡಿ, ತನ್ನ ಫೋನಿನಿಂದ ಆ್ಯಪಿಗೆ ಅಂಕಿ ಹಾಕುವಳು; ಸಕ್ಕರೆ ವಾರವಾರಕ್ಕೂ ಮೇಲೆ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಕಾಲು ನೋಡಿದರು, ಮುಖ ಗಂಟಿಕ್ಕಿದರು.

"ಉಂಡಿ ಎಷ್ಟ ತಿಂದೀರಿ ಅಮ್ಮಾ?"

"ಒಂದೂ ಇಲ್ರಿ."

"ಗುಳಗಿ?"

"ದಿನಾ ನುಂಗೇನ್ರಿ."

"ಅಂದಮ್ಯಾಲೆ ಸಕ್ಕರಿ ತಾನ ಏರತೈತೇನು? ಸುಳ್ಳ ಹೇಳಬ್ಯಾಡ್ರಿ. ಹತ್ತ ದಿನದಾಗ ಇಳಿಲಿಲ್ಲಂದ್ರ ದೊಡ್ಡ ದವಾಖಾನಿಗೆ ಕಳಸ್ತೀನಿ. ಅಲ್ಲಿ ಬೆರಳ ತಗೀತಾರ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆರಳು ಹೋಗುತ್ತದೆ ಎಂದಲ್ಲ. "ಅಕ್ಕಾ, ನನಗ ಸುಳ್ಳಬುರಕಿ ಅಂದ್ರ" ಎಂದಳು. ನನಗೆ ಗೊತ್ತಿತ್ತು: ಕಾಶವ್ವ ಜಗಳ ತೆಗೆಯುತ್ತಾಳೆ, ಪಕ್ಕದ ಮನೆಯ ಕೋಳಿ ಬಂದರೂ ಕಲ್ಲೆತ್ತುತ್ತಾಳೆ, ಆದರೆ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸಕ್ಕರೆ ಎಲ್ಲಿಂದ? ಅವತ್ತೇ ತೀರ್ಮಾನ ಮಾಡಿದೆ. ಈ ಗಂಟು ಬಿಚ್ಚದೆ ಬಿಡುವುದಿಲ್ಲ. ಕಂಡಿಕೆಯಲ್ಲಿ ಎಂಥೆಂಥ ಸಿಕ್ಕು ಬಿಡಿಸಿದವಳು ನಾನು.

ಚೈತ್ರಾಳಿಗೆ ಹೇಳಿದೆ. "ಅವರ ಮನೇಲಿ ಒಂದು ಇಡೀ ದಿನ ಕೂತು ನೋಡೋಣ. ಆದರೆ ಅಜ್ಜಿ, ನೀವು ಬಾಯಿ ತೆಗೀಬಾರ್ದು. ಸನ್ನೆ ಮಾಡಬಾರ್ದು. ಸುಮ್ನೆ ನೋಡೋದು ಅಷ್ಟೆ" ಎಂದಳು. ಸುಮ್ಮನೆ ಕೂಡುವುದು! ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸವನ್ನು ಯಾರೂ ನನಗೆ ಕೊಟ್ಟಿರಲಿಲ್ಲ.

ಕಾಶವ್ವನ ಅಡಿಗೆಮನೆಯ ಮೂಲೆಯಲ್ಲಿ ಇಬ್ಬರೂ ಕೂತೆವು. ಸೊಸೆ ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. ಕಾಶವ್ವ ಉಂಡಳು, ನಮ್ಮೆದುರಿಗೇ ಗುಳಿಗೆ ನುಂಗಿದಳು. ಎಲ್ಲ ಸರಿ. ಅಷ್ಟರಲ್ಲಿ ಫೋನು ಟಿಣ್ ಎಂದಿತು. 'ನಿಮ್ಮ ಸಕ್ಕರೆ ಹೆಚ್ಚಾಗಿದೆ. ಎಚ್ಚರ ವಹಿಸಿ.'

ಕಾಶವ್ವ ಕೈ ಒರೆಸಿಕೊಂಡಳು. ನೆಲುವಿನ ಪಕ್ಕದ ಡಬ್ಬಿ ತೆಗೆದಳು. ನಿಂಬೆಹಣ್ಣಿನಷ್ಟು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಗೋಡೆಗೆ ಒರಗಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅಗಲಿಸಿ, ಗೂಬೆಯ ಹಾಗೆ ಕೂತುಬಿಟ್ಟಳು.

ನಾನು ನನ್ನ ತೊಡೆಯನ್ನು ಚಿವುಟಿಕೊಂಡೆ. ಚೈತ್ರಾ ಮೆಲ್ಲಗೆ ಕೇಳಿದಳು, "ಈಗ ಏನು ಮಾಡಿದ್ರಿ ಅಮ್ಮ, ಸ್ವಲ್ಪ ಹೇಳ್ತೀರಾ?"

"ಅತ್ತಿ ಹೇಳಿದ್ದ ಮಾಡೇನವಾ. ಸಕ್ಕರಿ ಹೆಚ್ಚಾಗೈತಿ ಅಂದ್ಲು, ಬೆಲ್ಲ ಹಾಕೊಂಡೆ. ಎಚ್ಚರ ಇರು ಅಂದ್ಲು, ಎಚ್ಚರ ಅದೀನಿ. ಎರಡ ವಾರದ ಮ್ಯಾಲಾತು, ಮಧ್ಯಾಹ್ನದ ನಿದ್ದಿ ಬಿಟ್ಟೇನಿ."

"ಸಕ್ಕರೆ ಹೆಚ್ಚಾಗಿದೆ ಅಂದ್ರೆ ನೀವು ಏನಂತ ತಿಳ್ಕೊಂಡ್ರಿ?"

"ಏನಂತ ತಿಳಕೊಳ್ಳೂದು? ಹೆಚ್ಚಾಗೈತಿ ಅಂದ್ರ ಹೆಚ್ಚಾಗೈತಿ. ಡಬ್ಬ್ಯಾನ ಕುಂಕುಮ ಹೆಚ್ಚಾಗೈತಿ ಅನ್ನಂಗಿಲ್ಲೇನು? ಕೈಯಾನ ಬಳಿ ಹೆಚ್ಚಾದ್ವು ಅನ್ನಂಗಿಲ್ಲೇನು? ಶ್ರಾವಣದಾಗ ಆ ಇನ್ನೊಂದ ಮಾತ ನನ್ನ ಬಾಯಿಂದ ಹೇಳಸಬ್ಯಾಡ."

ಚೈತ್ರಾ ನನ್ನ ಕಡೆ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿಬಿಟ್ಟಿತು. ನಮ್ಮ ಮನೆಗಳಲ್ಲಿ ಅಕ್ಕಿ ಮುಗಿಯಿತು, ಎಣ್ಣೆ ಇಲ್ಲ, ಬಳೆ ಒಡೆಯಿತು ಎಂದು ಯಾರೂ ಅನ್ನುವುದಿಲ್ಲ. ಅಂಥ ಮಾತು ಅಪಶಕುನ. ತೀರಿದ್ದಕ್ಕೆ 'ಹೆಚ್ಚಾಗೈತಿ' ಎನ್ನುತ್ತೇವೆ. ಹಿಂದೊಮ್ಮೆ ನರ್ಸಬಾಯಿಯೇ ಇವಳಿಗೆ ಹೇಳಿದ್ದಳು, ಸಕ್ಕರೆ ತೀರಾ ಇಳಿದು ಕಣ್ಣು ಕತ್ತಲೆ ಬಂದರೆ ಚೂರು ಬೆಲ್ಲ ಬಾಯಿಗೆ ಹಾಕಿಕೊ, ಮಲಗಬೇಡ ಎಂದು. ಸರಿಯಾದ ಮಾತೇ. ಆದ್ದರಿಂದ ಅತ್ತೆ 'ಸಕ್ಕರೆ ಹೆಚ್ಚಾಗಿದೆ' ಎಂದಾಗ ಕಾಶವ್ವ ಮೈಯೊಳಗಿನ ಸಕ್ಕರೆ ತೀರಿತು ಎಂದುಕೊಂಡಳು. ದಿನಕ್ಕೆ ಎರಡು ಸಲ ಅತ್ತೆ ಕೂಗಿದಳು, ದಿನಕ್ಕೆ ಎರಡು ಸಲ ಇವಳು ಬೆಲ್ಲ ತಿಂದಳು. ಬೆಲ್ಲ ತಿಂದಷ್ಟೂ ಸಕ್ಕರೆ ಏರಿತು, ಸಕ್ಕರೆ ಏರಿದಷ್ಟೂ ಅತ್ತೆ ಕೂಗಿದಳು. ಆಡಿ ಆಡಿ ಸವೆದ ನಮ್ಮ ಮಾತು, ಅದನ್ನು ನಾನೇ 'ಭೇಷ್' ಅಂದು ಆ ಯಂತ್ರದ ಬಾಯಿಗೆ ಇಟ್ಟಿದ್ದೆ. ಮೂಗಿನ ಮೇಲೆ ಚಾಳೀಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಅದನ್ನು ಕಾಶವ್ವನಿಗೆ ಬಿಡಿಸಿ ಹೇಳುವಾಗ ಒಂದು ತಪ್ಪು ಮಾಡಿದೆ. ನಕ್ಕೆ. ಹೆದರಿಕೆಗೆ ಬಂದ ನಗುವೋ, ಆ ಗೂಬೆಯ ಕಣ್ಣಿಗೆ ಬಂದ ನಗುವೋ, ತಡೆಯಲಾಗಲಿಲ್ಲ. ನಾನು ನಕ್ಕದ್ದಕ್ಕೆ ರೇಣುಕಾ ನಕ್ಕಳು. ರೇಣುಕಾ ನಕ್ಕದ್ದು ಪಕ್ಕದ ಮನೆಗೆ ಕೇಳಿತು. ಸಂಜೆಯ ಹೊತ್ತಿಗೆ ಹೆಸರು ಬಿಡಿಸುವ ಪ್ರತಿ ಪಡಸಾಲೆಯಲ್ಲಿಯೂ ಅದೇ: "ಅತ್ತಿ ಮಾತ ಕೇಳಿ ಕಾಶವ್ವ ಬೆಲ್ಲದ ಡಬ್ಬಿ ಖಾಲಿ ಮಾಡಿದ್ಲಂತವಾ!"

ಮರುದಿನ ಹೋದರೆ ಕಾಶವ್ವ ಫೋನನ್ನು ಜೋಳದ ಚೀಲದೊಳಗೆ ಹೂತಿದ್ದಳು. ಗುಳಿಗೆ ಪೊಟ್ಟಣವನ್ನೂ ಅದರ ಜೊತೆಗೆ.

"ಬೆಲ್ಲ ಬಿಟ್ಟೆ. ಗುಳಗೀನೂ ಬಿಟ್ಟೆ. ಒಬ್ಬರು ಸುಳ್ಳಬುರಕಿ ಅಂದ್ರು, ಒಬ್ಬರು ಹುಚ್ಚಿ ಅಂದ್ರು. ಸಾಕು."

"ಕಾಶೀ, ಬೆರಳ ಹೋಗತೈತಲೇ."

"ಹೋಗ್ಲಿ. ಹತ್ತ ಅದಾವ."

"ಹಟ ಮಾಡಬ್ಯಾಡ."

"ನಾ ಮಾಡಿದ್ದ ಏನ ತಪ್ಪ ಐತಿ ಹೇಳಕ್ಕಾ? ಅದು ಹೇಳ್ತು, ನಾ ಕೇಳಿದೆ. ಮಾತ ಆಡಿದ್ದು ಅದು, ನಗಸಾರಿ ಆಗಿದ್ದು ನಾ. ಮೊದಲ ಅದು ತನ್ನ ಮಾತ ಬದಲಿಸಲಿ. ಬದಲಿಸೂತನ ಒಂದ ಗುಳಗಿ ಮುಟ್ಟಂಗಿಲ್ಲ. ಈಶ್ವರನಾಣೆ."

ಅವಳ ಆಣೆ ಎಂದರೆ ನಿಮಗೆ ಆಗಲೇ ಹೇಳಿದ್ದೇನೆ. ಡಾಕ್ಟರ್ ಕೊಟ್ಟ ಹತ್ತು ದಿನಗಳಲ್ಲಿ ಮೂರು ಹೋಗಿದ್ದವು.

ಚೈತ್ರಾ ಅವತ್ತೇ ಕಚೇರಿಗೆ ಫೋನು ಮಾಡಿದಳು. ಅಂಗಳದಲ್ಲಿ ಓಡಾಡುತ್ತ ಮಾತಾಡಿದಳು, ಬಂದು ಮೆಟ್ಟಿಲ ಮೇಲೆ ಕುಸಿದಳು. 'ಹೆಚ್ಚಾಗಿದೆ' ಎಂಬುದು ಶುದ್ಧ ಕನ್ನಡ, ಯಾರೋ ಒಬ್ಬ ಅಜ್ಜಿ ತಪ್ಪು ತಿಳಿದರೆ ಅವರಿಗೆ ತರಬೇತಿ ಕೊಡಿ, ಮಾತು ಬದಲಿಸುವುದಾದರೆ ಮುಂದಿನ ಆವೃತ್ತಿಯಲ್ಲಿ, ಅದಕ್ಕೂ ಬೇರೆ ಕಡೆ ಹೀಗಾಗಿದೆ ಎಂದು ತೋರಿಸಬೇಕು ಅಂದರಂತೆ.

"ಬ್ಯಾರೆ ಕಡೆ ತೋರಸಬೇಕಾ? ತೋರಸೂಣು ನಡಿ" ಎಂದೆ. "ನನ್ನ ತವರುಮನಿ ಚಿಕ್ಕನರಗುಂದ. ಇಲ್ಲಿಂದ ರೋಣ, ರೋಣದಿಂದ ನರಗುಂದ. ಮುಂಜಾನಿ ಬಸ್ಸಿಗೆ ಹೊಂಟ್ರ ಮಧ್ಯಾಹ್ನ ಊಟಕ್ಕ ಅಲ್ಲೇ."

ಬಸ್ಸಿನಲ್ಲಿ ಅವಳು ಸಪ್ಪಗೆ ಕೂತಿದ್ದಳು. ಆ್ಯಪಿನೊಳಗೆ 'ನಿಮ್ಮ ಅನಿಸಿಕೆ ಬರೆಯಿರಿ' ಎಂಬ ಒಂದು ಖಾನೆ ಇದೆ, ಅಲ್ಲಿ ಬರೆದದ್ದು ನೇರ ದೊಡ್ಡವರಿಗೆ ಹೋಗುತ್ತದೆ, ಆದರೆ ಬಳಸುವವರೇ ಬರೆಯಬೇಕು ಎಂದಳು. ನಾನು ಅಲ್ಲಿಯವರೆಗೆ ಫೋನಿನಲ್ಲಿ ಒಂದು ಅಕ್ಷರ ಬರೆದವಳಲ್ಲ. "ಕಲಸು" ಎಂದೆ. ಗಜೇಂದ್ರಗಡ ದಾಟುವಾಗ 'ಹ' ಸಿಕ್ಕಿತು. 'ಚ್ಚಾ' ಬರೆಯುವಷ್ಟರಲ್ಲಿ ಬಸ್ಸು ಅರ್ಧ ದಾರಿ ಹೋಗಿತ್ತು.

"ಚ ಒತ್ತಿ ಅಜ್ಜಿ. ಆಮೇಲೆ ಈ ಕೊಂಡಿ ಒತ್ತಿ. ಮತ್ತೆ ಚ ಒತ್ತಿ. ಆಮೇಲೆ ದೀರ್ಘ ಒತ್ತಿ."

"ಒಂದ ಒತ್ತಕ್ಷರಕ್ಕ ಎಷ್ಟ ಒತ್ತಬೇಕವಾ! ಇದರಕಿಂತ ಸೆರಗು ನೇಯೂದು ಹಗರ."

ಬಸ್ಸು ಕುಲುಕಿದಾಗೆಲ್ಲ ಬರೆದದ್ದು ಅಳಿಸಿ ಹೋಗುತ್ತಿತ್ತು. ಗೆಣ್ಣಿನಿಂದ ಕುಟ್ಟಿ ಕುಟ್ಟಿ ರೋಣ ಮುಟ್ಟುವ ಹೊತ್ತಿಗೆ ನನ್ನ ಜೀವನದ ಮೊದಲ ಬರಹ ಮುಗಿಯಿತು: 'ಹೆಚ್ಚಾಗೈತಿ ಅಂದ್ರ ಮುಗದೈತಿ. ಕಾಶವ್ವನ ಬೆರಳ ಹೋಗತೈತಿ. ಲಗೂ ಬದಲ ಮಾಡ್ರಿ.' ಕಳಿಸಿ ಕಿಟಕಿಯಾಚೆ ನೋಡಿದೆ. ಎರಿ ಹೊಲಗಳಲ್ಲಿ ನೀರು ನಿಂತಿತ್ತು, ಹೆಸರು ಗಿಡಗಳು ತಲೆ ಬಾಗಿಸಿದ್ದವು.

ಚಿಕ್ಕನರಗುಂದದಲ್ಲಿ ನಮ್ಮಣ್ಣನ ಮನೆಯ ಪಡಸಾಲೆ ತುಂಬ ಹೆಂಗಸರು. ಮಳೆಗೆ ಹೆದರಿ ಗಿಡ ಸಮೇತ ಕಿತ್ತು ತಂದು ಒಳಗೆ ಕೂತು ಹೆಸರು ಬಿಡಿಸುತ್ತಿದ್ದರು. ಚೈತ್ರಾ ನಡುವೆ ಫೋನು ಇಟ್ಟಳು. ನಾನು ಬಾಯಿ ತೆಗೆಯದಂತೆ ಎರಡು ಎಲೆ ಅಡಿಕೆ ಒಟ್ಟಿಗೆ ತುರುಕಿಕೊಂಡೆ. ಅತ್ತೆ ಕೂಗಿದಳು: 'ನಿಮ್ಮ ಸಕ್ಕರೆ ಹೆಚ್ಚಾಗಿದೆ.' ಫೋನು ಹೀಗಂದರೆ ನೀವೇನು ಮಾಡುತ್ತೀರಿ ಎಂದು ಚೈತ್ರಾ ಕೇಳಿದಳು.

"ಯಾರಿಗೆ ಹೆಚ್ಚಾಗೈತವಾ? ಆಕಿಗೆ ಚೂರ ಬೆಲ್ಲ ಕೊಡ್ರಿ ಮೊದಲ" ಎಂದಳು ನಮ್ಮಣ್ಣನ ಹೆಂಡತಿ, ಅಡಿಗೆಮನೆ ಕಡೆ ಕೈ ತೋರಿಸಿ.

"ಏ ಯತ್ತಿ, ಜಾಸ್ತಿ ಆಗೈತಂತ ಅದು. ಸಾಲ್ಯಾಗ ಹಿಂಗ ಹೇಳ್ತಾರ" ಎಂದಳು ಸಣ್ಣ ಸೊಸೆ.

ಅಣ್ಣನ ಹೆಂಡತಿ ಹೆಸರಿನ ಕಾಯಿ ಕೆಳಗಿಟ್ಟಳು. "ಹೆಚ್ಚಾಗೈತಿ ಅಂದ್ರ ಜಾಸ್ತಿ? ಹಂಗಾರ ಮೊನ್ನಿ ನನ್ನ ಬಳಿ ಹೆಚ್ಚಾದ್ವಲ್ಲ, ಡಜನಗಟ್ಟಲೆ ಆಗಿದ್ವೇನು? ಕೈ ನೋಡ, ಬರಿಗೈ!"

ಪಡಸಾಲೆ ಎರಡು ಪಾಳೆಯವಾಯಿತು. ವಯಸ್ಸಾದವರೆಲ್ಲ ಬೆಲ್ಲದ ಕಡೆ, ಸಾಲೆ ಕಲಿತ ಸೊಸೆಯಂದಿರು ಜಾಸ್ತಿಯ ಕಡೆ. ಯಾರ ಮೈಯಲ್ಲಿ ಸಕ್ಕರೆ ಕಾಯಿಲೆ ಇತ್ತೋ ಅವರೆಲ್ಲ ಬೆಲ್ಲದ ಕಡೆಯಲ್ಲೇ. ಚೈತ್ರಾ ಎಲ್ಲರ ಒಪ್ಪಿಗೆ ಪಡೆದು ಇದನ್ನೆಲ್ಲ ಫೋನಿನಲ್ಲಿ ಹಿಡಿದುಕೊಂಡಳು. ಅಲ್ಲಿಂದಲೇ ಕಚೇರಿಗೆ ಕಳಿಸಿ ವಿಡಿಯೋ ಕರೆ ಹಚ್ಚಿದಳು. ಅವಳ ಸಾಹೇಬರು ಕಂಡರು, ತಲೆ ನರೆತ ಮನುಷ್ಯ, ಸಭ್ಯಸ್ಥ. "ನೋಡಿದೆ ಚೈತ್ರಾ. ಆದರೆ ಒಂದು ಭಾಗದ ಆಡುಮಾತಿಗೋಸ್ಕರ..." ಎನ್ನುತ್ತಿದ್ದರು. ನಾನು ಎಲೆ ಉಗುಳಿ ಬಂದು ಫೋನಿನ ಮುಂದೆ ಕೂತೆ.

"ಸಾಹೇಬ್ರ, ನಾ ನಿಮಗ ಬಸ್ಸಿನ್ಯಾಗ ಒಂದ ಪತ್ರ ಬರದೇನಿ."

"ಹಾ, ಬಂತು. ಅದನ್ನ ಬರೆದವರು ನೀವೇನಾ?"

"ನಾನ. ಒಂದ ಮಾತ ಕೇಳ್ತೀನಿ. ನಿಮ್ಮ ಮನ್ಯಾಗ ದೇವರ ಮುಂದಿನ ದೀಪ ಆರಿದ್ರ ಏನಂತಾರ್ರೀ?"

ಅವರು ಕನ್ನಡಕ ತೆಗೆದರು. "ನಮ್ಮಜ್ಜಿ... ದೀಪ ದೊಡ್ಡದಾಯ್ತು ಅನ್ನೋರು" ಎಂದರು.

"ಹಂಗಾರ ನಿಮ್ಮಜ್ಜಿಗೆ ಫೋನಿನ್ಯಾಗ ದೀಪ ದೊಡ್ಡದಾಗಿದೆ ಅಂತ ಹೇಳಿ ಕಳಿಸಿದ್ರ, ಆಕಿ ದೀಪಾ ಹಚ್ಚತಿದ್ಲೋ, ಸಣ್ಣ ಮಾಡತಿದ್ಲೋ?"

"ಚೈತ್ರಾ," ಎಂದರು ಅವರು, "ಏನಂತ ಬದಲಿಸಬೇಕೋ ನಾಳೆ ಮಧ್ಯಾಹ್ನದೊಳಗೆ ಕಳಿಸು. ಎರಡು ದಿನ ಕೊಡು."

ಗೆದ್ದೆವು ಎಂದುಕೊಂಡು ಎದ್ದೆವು, ಆದರೆ ಏನಂತ ಬದಲಿಸುವುದು? ತಿರುಗಿ ಬರುವಾಗ ಮಳೆ ಹಿಡಿದು ರೋಣದ ಬಸ್ ನಿಲ್ದಾಣದಲ್ಲಿ ಸಿಕ್ಕಿಕೊಂಡೆವು. ಅಲ್ಲಿ ನಿಂತ ಹೆಂಗಸರನ್ನೇ ಹಿಡಿದೆವು. 'ಸಕ್ಕರೆ ಜಾಸ್ತಿ ಆಗಿದೆ' ಎಂದು ಕೇಳಿಸಿದರೆ ಒಬ್ಬಳು, "ಜಾಸ್ತಿ ಆದ್ರ ಚಲೋನ ಆತಲ್ಲ, ಬರಕತ್ತು" ಎಂದಳು. 'ಸಕ್ಕರೆ ಇಳಿದಿದೆ' ಎಂದು ಕೇಳಿಸಿದರೆ ಇನ್ನೊಬ್ಬಳು, "ಜ್ವರ ಇಳಿದಂಗ? ಅಂದ್ರ ಆರಾಮ ಆತು" ಎಂದು ಮುಖ ಅರಳಿಸಿದಳು, ಆ ಮಾತು ತಲೆ ತಿರುಗಿ ಬೀಳುವವರಿಗೆ ಹೇಳುವ ಎಚ್ಚರಿಕೆ! ಚೈತ್ರಾ ನೋಟುಬುಕ್ಕಿನಲ್ಲಿ ಬರೆದು ಬರೆದು ಹೊಡೆದು ಹಾಕಿದಳು. ಕೊನೆಗೆ ಪೇರಲ ಹಣ್ಣಿನ ಬುಟ್ಟಿ ಇಟ್ಟುಕೊಂಡ ಒಬ್ಬಾಕೆ, ಅಷ್ಟು ಹೊತ್ತೂ ನಮ್ಮನ್ನೇ ನೋಡುತ್ತಿದ್ದವಳು, ಬೇಸತ್ತು ಅಂದಳು:

"ಏರಿತು, ಇಳೀತು, ಹೆಚ್ಚಾತು... ಸುದ್ದಿ ತಗೊಂಡು ನಾ ಏನ ಮಾಡ್ಲಿ? ಏನ ಮಾಡಬೇಕು ಅದನ್ನ ಹೇಳ್ರವಾ. ಅತ್ತಿ ಅಂದಮ್ಯಾಲೆ ಕೆಲಸ ಹೇಳಬೇಕು."

ಚೈತ್ರಾ ಅವಳಿಂದ ಎರಡು ಪೇರಲ ಕೊಂಡಳು. ಒಂದನ್ನು ನನಗೆ ಕೊಟ್ಟು, ಒಂದನ್ನು ಕಚ್ಚುತ್ತ, ಅಲ್ಲೇ ನಿಂತು ಬರೆದಳು. ನಾನು ಮಾತು ತಿದ್ದಿದೆ. ಬಸ್ಸು ಬರುವಷ್ಟರಲ್ಲಿ ಮುಗಿದಿತ್ತು.

ಬೆರಳು ಉಳಿಯಿತೋ ಹೋಯಿತೋ ಎಂದು ಓದುವವರಿಗೆ ಕಾತರ ಇದ್ದೀತು. ಇಲ್ಲೇ ಹೇಳಿಬಿಡುತ್ತೇನೆ: ಉಳಿಯಿತು. ಉಗುರು ಹೋಯಿತು, ದೀಪಾವಳಿಯವರೆಗೆ ಪಟ್ಟಿ ಇತ್ತು, ಆದರೆ ಬೆರಳು ಉಳಿಯಿತು. ಡಾಕ್ಟರ್ ಕೂಡ ಒಂದು ದಿನ ಕಾಶವ್ವನ ಮುಂದೆ, "ನಾ ಹಂಗ ಅನಬಾರದಿತ್ತು ಅಮ್ಮಾ" ಎಂದರು. ಇಷ್ಟೂ ಆಮೇಲಿನ ಮಾತು. ನನ್ನ ಕಣ್ಣಿಗೆ ಕಟ್ಟಿದ್ದು ಅದಕ್ಕೂ ಮೊದಲಿನ ಒಂದು ಮುಂಜಾನೆ.

ಹತ್ತು ದಿನಗಳಲ್ಲಿ ಎಂಟನೆಯದು. ಹೊಸ ಮಾತು ಫೋನುಗಳಿಗೆ ಬಂದಿತ್ತು. ಚೈತ್ರಾ ಮತ್ತು ನಾನು ಪುರ್ತಗೇರಿಗೆ ಹೋದೆವು. ಕಾಶವ್ವ ಕಾಲು ಚಾಚಿ ಹೊರಸಿನ ಮೇಲೆ ಕೂತಿದ್ದಳು, ನಮ್ಮ ಕಡೆ ಮುಖ ತಿರುಗಿಸಲಿಲ್ಲ. ಚೈತ್ರಾ ನೆಲದ ಮೇಲೆ ಕೂತಳು. "ತಪ್ಪು ನಂದು ಅಮ್ಮ. ಆ ಮಾತು ಬರೆದವಳು ನಾನು. ನೀವು ಸರಿಯಾಗೇ ಕೇಳಿದ್ರಿ" ಎಂದಳು. ಕಾಶವ್ವ ಗೋಡೆಯನ್ನು ನೋಡುತ್ತಿದ್ದಳು.

ನನ್ನ ಸರದಿ. ನಾನು ನೆಗೆಣ್ಣಿಯ ಮುಂದೆ ತಪ್ಪು ಒಪ್ಪಿಕೊಂಡದ್ದು ಅದಕ್ಕಿಂತ ಮೊದಲು ಎಂದೂ ಇಲ್ಲ. ಹೊರಸಿನ ತುದಿಗೆ ಕೂತೆ.

"ಕಾಶೀ, ನಾ ನಗಬಾರದಿತ್ತು."

"ಹ್ಞೂಂ."

"ಆ ಮಾತಿಗೆ ಭೇಷ್ ಅಂದಾಕಿನೂ ನಾನ."

ಈಗ ಮುಖ ತಿರುಗಿಸಿದಳು. "ನೀ? ನೀ ಅಂದಿಯಾ? ನನಗ ಗೊತ್ತಾತು ಬಿಡು, ಇಷ್ಟ ಚಂದ ಎಡವಟ್ಟು ಪರದೇಶಿ ಹುಡುಗಿ ಕೈಲೆ ಆಗೂದಲ್ಲ." ರೇಣುಕಾಳಿಗೆ ಕೈಸನ್ನೆ ಮಾಡಿದಳು. ಅವಳು ಜೋಳದ ಚೀಲಕ್ಕೆ ಕೈ ಹಾಕಿ ಫೋನನ್ನೂ ಗುಳಿಗೆ ಪೊಟ್ಟಣವನ್ನೂ ತೆಗೆದು, ಊದಿ, ಫೋನನ್ನು ಚಾರ್ಜಿಗೆ ಹಚ್ಚಿದಳು. ಹಿಂದಿನ ದಿನವಷ್ಟೇ ನರ್ಸಬಾಯಿ ಬಂದು ಬಲವಂತದಿಂದ ಬೆರಳು ಚುಚ್ಚಿ ಹೋಗಿದ್ದಳು. ಸಕ್ಕರೆ ಇನ್ನೂ ಮೇಲೆಯೇ ಇತ್ತು. ಅತ್ತೆ ಏನು ಹೇಳುತ್ತಾಳೆ ಎಂದು ನಾವು ಕಾಶವ್ವನಿಗೆ ಹೇಳಿರಲಿಲ್ಲ. ಹೇಳಿಕೊಟ್ಟರೆ ಅದು ನೋಡಿದಂತಾಗುವುದಿಲ್ಲ ಎಂದು ಚೈತ್ರಾ ಕಟ್ಟುನಿಟ್ಟು ಮಾಡಿದ್ದಳು.

ಫೋನು ಬೆಳಗಿತು. ಟಿಣ್ ಎಂದಿತು.

'ಇವತ್ತ ಸಿಹಿ ಮುಟ್ಟಬ್ಯಾಡ್ರಿ. ಬೆಲ್ಲಾನೂ ಬ್ಯಾಡ. ಗುಳಗಿ ನುಂಗ್ರಿ. ಗಾಯ ಇದ್ರ ಇವತ್ತ ನರ್ಸಬಾಯಿಗೆ ತೋರಸ್ರಿ.'

ಕಾಶವ್ವ ಕೇಳಿದಳು. ಇನ್ನೊಮ್ಮೆ ಒತ್ತಿಸಿ ಕೇಳಿದಳು. ಮೆಲ್ಲಗೆ ಎದ್ದು, ಗೋಡೆ ಹಿಡಿದು ಅಡಿಗೆಮನೆಗೆ ನಡೆದಳು. ನಾವು ಬಾಗಿಲಿನಲ್ಲಿ ನಿಂತೆವು. ಅವಳ ಕೈ ನೆಟ್ಟಗೆ ಬೆಲ್ಲದ ಡಬ್ಬಿಗೆ ಹೋಯಿತು. ಚೈತ್ರಾ ನನ್ನ ಮುಂಗೈ ಹಿಡಿದಳು, ಅವಳ ಉಗುರು ನನಗೆ ಚುಚ್ಚಿತು. ನಾನು ಎರಡೂ ತುಟಿ ಕಚ್ಚಿ ಹಿಡಿದೆ.

ಕಾಶವ್ವ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಲಿಲ್ಲ. ತಂದು ನನ್ನ ಎದೆಗೆ ಒತ್ತಿದಳು.

"ಮ್ಯಾಲಿನ ಮಾಡದಾಗ ಇಡಕ್ಕಾ, ನನ್ನ ಕೈಗೆ ನಿಲುಕದಂಗ. ನಿನ್ನ ಕೈಗೂ ನಿಲುಕದಂಗ."

ತಿರುಗಿ ಹೋಗಿ ಪೊಟ್ಟಣದಿಂದ ಗುಳಿಗೆ ಒಡೆದು ನೀರಿನ ಜೊತೆ ನುಂಗಿದಳು. ಸೆರಗು ಸರಿ ಮಾಡಿಕೊಂಡು, ಪಟ್ಟಿ ಕಟ್ಟಿದ ಕಾಲನ್ನು ಚಪ್ಪಲಿಯೊಳಗೆ ತೂರಿಸುತ್ತ ನಮ್ಮಿಬ್ಬರನ್ನೂ ಮೇಲೆ ಕೆಳಗೆ ನೋಡಿದಳು.

"ಏನ ಕಂಬ ನಿಂತಂಗ ನಿಂತೀರಿ? ನರ್ಸಬಾಯಿಗೆ ತೋರಸ ಅಂದ್ಲಲ್ಲ ಅತ್ತಿ, ಕಿವಿ ಕೇಳಂಗಿಲ್ಲೇನು? ಟಂಟಂ ಕರೀರಿ!"